ಮಾರುತಿ 800ಕ್ಕೆ ಗುಜರಿ ಬೂಸ್ಟರ್ ಕೂರಿಸಿದ್ದು

ನನ್ನ ಹಳೇ ಮಾರುತಿ 800ಕ್ಕೆ ಬ್ರೇಕ್ ಬೂಸ್ಟರ್ ಇರಲಿಲ್ಲ. ಇಂಜಿನ್ನಿನ ವ್ಯಾಕ್ಯೂಮ್, ಅಂದರೆ ಗಾಳಿ ಎಳೆಯುವ ಬಲದಿಂದ ಪೆಡಲ್ ತುಳಿತಕ್ಕೆ ಸಹಾಯ ಮಾಡುವ ಡಬ್ಬಿ ಅದು. ಉಡುಪಿ ಪೇಟೆಯೊಳಗೆ ಅದಿಲ್ಲದಿದ್ದರೂ ತೊಂದರೆಯಿಲ್ಲ. ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವ ಆ 14 ತಿರುವುಗಳಲ್ಲಿ ಮಾತ್ರ ಬಲಗಾಲು ಸೋತುಹೋಗುತ್ತಿತ್ತು. ಇದೇ ಮಾಡೆಲ್‌ನ ಕೆಲವು ಕಾರುಗಳಿಗೆ ಬೂಸ್ಟರ್ ಕಂಪನಿಯಿಂದಲೇ ಬಂದಿದೆ. ಅಂಥದ್ದೊಂದು ಗುಜರಿಯಲ್ಲಿ ಸಿಕ್ಕರೆ ಸಾಕಲ್ವಾ?

ಬೂಸ್ಟರ್ ಒಂದನ್ನೇ ತಂದರೆ ಆಗುವುದಿಲ್ಲ. ಪೆಡಲ್ ಬ್ರಾಕೆಟ್, ಒತ್ತುವ ಪುಶ್ ರಾಡ್, ಇಂಜಿನ್‌ನಿಂದ ಬರುವ ಹೋಸ್ ಸಿಕ್ಕಿಸುವ ವ್ಯಾಕ್ಯೂಮ್ ನಿಪ್ಪಲ್ ಎಲ್ಲ ಒಂದೇ ಕಾರಿನದ್ದಾಗಬೇಕು. "ಇಷ್ಟೆಲ್ಲ ಬಿಚ್ಚಲಿಕ್ಕೆ ಉಂಟಾ ಮಾರಾಯ್ರೆ?" ಅಂದರು ಅಂಗಡಿಯವರು. ಬಿಚ್ಚಿಸಿದೆ. ಬೇರೆ ಬೇರೆ ಕಾರಿನ ತುಂಡು ತಂದರೆ ಕೊನೆಗೆ ವೆಲ್ಡಿಂಗ್‌ಗೆ ಬರುತ್ತದೆ. ಬ್ರೇಕಿಗೆ ವೆಲ್ಡಿಂಗ್ ನನಗಾಗದು.

ದುಡ್ಡು ಕೊಡುವ ಮುಂಚೆ ಬೂಸ್ಟರಿನ ಮುಂದೆ ಕೂತಿರುವ ಮಾಸ್ಟರ್ ಸಿಲಿಂಡರ್ (ಬ್ರೇಕ್ ಆಯಿಲನ್ನು ಚಕ್ರಗಳಿಗೆ ಒತ್ತುವ ಪಂಪ್) ತೆಗೆದು ಬೂಸ್ಟರ್ ಒಳಗೆ ಟಾರ್ಚ್ ಬಿಟ್ಟು ನೋಡಬೇಕು. ಒಳಗೆ ಬ್ರೇಕ್ ಆಯಿಲ್ ನಿಂತಿದ್ದರೆ ಅದನ್ನು ಬಿಟ್ಟುಬಿಡಿ. ಸಿಲಿಂಡರಿನ ಹಿಂದಿನ ಸೀಲ್ ಸೋರಿ, ಆಯಿಲ್ ಒಳಗಿನ ರಬ್ಬರ್ ಡಯಾಫ್ರಮ್‌ಗೆ ತಾಗಿರುತ್ತದೆ. ವ್ಯಾಕ್ಯೂಮ್ ಹೋಸಿನ ಚೆಕ್ ವಾಲ್ವಿಗೆ ಬಾಯಲ್ಲೇ ಊದಿ ನೋಡಿದೆ. ಗಾಳಿ ಒಂದೇ ಕಡೆ ಹೋಗಬೇಕು.

ಬೂಸ್ಟರ್ ಬಿಟ್ಟರೆ ಗುಜರಿಯಿಂದ ಕಬ್ಬಿಣ ಮಾತ್ರ. ಹೋಸ್, ಸೀಲ್, ಪ್ಯಾಡ್, ಹಿಂದಿನ ಶೂ ಎಲ್ಲ ಹೊಸದು. ಮಾಸ್ಟರ್ ಸಿಲಿಂಡರ್ ಕೂಡ ಹೊಸದೇ ಹಾಕಿದೆ. ನಮ್ಮ ಕರಾವಳಿಯಲ್ಲಿ ನಿಂತೇ ಇದ್ದ ಕಾರಿನ ಸಿಲಿಂಡರ್ ಒಳಗೆ ತುಕ್ಕಿನ ಗುಂಡಿ ಬಿದ್ದಿದ್ದರೆ ಹೊಸ ಸೀಲನ್ನೂ ಅದು ತಿನ್ನುತ್ತದೆ. ಬ್ರೇಕ್ ಪೈಪನ್ನು ಅಳತೆಗೆ ಅಂತ ಮಾತ್ರ ತಂದು ಹೊಸದು ಮಾಡಿಸಿದೆ.

ಕೂರಿಸುವಾಗ ಜಾಸ್ತಿ ಹೊತ್ತು ಹಿಡಿದದ್ದು ಬೂಸ್ಟರಿನ ರಾಡಿಗೂ ಮಾಸ್ಟರ್ ಸಿಲಿಂಡರಿನ ಪಿಸ್ಟನ್‌ಗೂ ಮಧ್ಯದ ಸಂದು. ಸಂದೇ ಇಲ್ಲದಿದ್ದರೆ ಕಾಲು ತೆಗೆದರೂ ಬ್ರೇಕ್ ಹಿಡಿದೇ ಇರುತ್ತದೆ, ಚಕ್ರ ಬಿಸಿಯಾಗುತ್ತದೆ. ಜಾಸ್ತಿಯಾದರೆ ಪೆಡಲ್ ಸುಮ್ನೆ ಕೆಳಗೆ ಹೋಗುತ್ತದೆ. ಕೂದಲೆಳೆಯಷ್ಟು ಇಟ್ಟು, ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿ ನೋಡಿದೆ.

ಹಾಕಿದ ಬ್ರೇಕ್ ಆಯಿಲ್ ಡಾಟ್ 3 ಗ್ರೇಡಿನದು. ಬ್ರೇಕ್ ಬಿಸಿಯಾದಾಗ ಅದು ಕುದಿಯಬಾರದು. ಹೊಸದರ ಕುದಿಬಿಂದು ಕನಿಷ್ಠ 205 ಡಿಗ್ರಿ ಇರಬೇಕು. ನೀರು ಹೀರಿದ ಮೇಲೆ ಆ ಲೆಕ್ಕ 140ಕ್ಕೆ ಇಳಿಯುತ್ತದೆ. ನಮ್ಮ ಮಳೆಗಾಲದ ತೇವದಲ್ಲಿ ತೆರೆದಿಟ್ಟ ಡಬ್ಬಿ ನಂಬುವ ಹಾಗಿಲ್ಲ, ಹೊಸ ಡಬ್ಬಿಯೇ ಒಡೆದೆ. ಪೈಪಿನೊಳಗಿನ ಗಾಳಿ ತೆಗೆಯಲು ತಮ್ಮ ಪೆಡಲ್ ಒತ್ತಿದ, ನಾನು ಕೆಳಗೆ ಚಕ್ರದ ಹತ್ತಿರದ ಗಾಳಿ ತೆಗೆಯುವ ನಿಪ್ಪಲ್ ಬಿಚ್ಚಿ ಬಿಗಿ ಮಾಡಿದೆ. ಆಯಿಲ್ ಪೇಂಟ್ ಮೇಲೆ ಚೆಲ್ಲಿದರೆ ಕೂಡಲೇ ನೀರು ಹಾಕಿ, ಇಲ್ಲದಿದ್ದರೆ ಪೇಂಟ್ ಎದ್ದು ಬರುತ್ತದೆ.

ಬೂಸ್ಟರ್ ಕೆಲಸ ಮಾಡುತ್ತದಾ ಅಂತ ನೋಡಲು ಇಂಜಿನ್ ಆಫ್ ಮಾಡಿ, ಪೆಡಲ್ ಗಟ್ಟಿಯಾಗುವವರೆಗೆ ತುಳಿದು, ಕಾಲು ಒತ್ತಿಟ್ಟುಕೊಂಡೇ ಸ್ಟಾರ್ಟ್ ಮಾಡಬೇಕು. ಪೆಡಲ್ ಸ್ವಲ್ಪ ಕೆಳಗೆ ಜಾರಿತು, ಅಂದರೆ ಬೂಸ್ಟರ್ ಸರಿ ಇದೆ. ಮೊದಲು ಖಾಲಿ ಮೈದಾನದಲ್ಲಿ ಓಡಿಸಿ, ಗ್ಯಾರೇಜಿನವರಿಗೆ ಒಮ್ಮೆ ತೋರಿಸಿ, ಆಮೇಲೆಯೇ ಘಾಟಿಗೆ ಹೋದದ್ದು.

ಕಾಲಿಗೆ ಭಾರಿ ಸಲೀಸಾಗಿದೆ. ಆದರೆ ಅದೇ ಟೈರು, ಅದೇ ಒದ್ದೆ ರಸ್ತೆ. ಕಾರು ಮೊದಲಿಗಿಂತ ಬೇಗ ನಿಲ್ಲುತ್ತದೆ ಅಂತ ಹೇಳಲಾರೆ. ಇನ್ನೊಂದು, ಪೆಟ್ರೋಲ್ ಉಳಿಸಲು ಇಂಜಿನ್ ಆಫ್ ಮಾಡಿ ಘಾಟಿ ಇಳಿಯುವವರು ಇದ್ದಾರಲ್ಲ, ಬೂಸ್ಟರ್ ಇರುವ ಕಾರಿನಲ್ಲಿ ಅದು ಇನ್ನೂ ಅಪಾಯ. ಕೆಲವು ಸಲ ತುಳಿದರೆ ವ್ಯಾಕ್ಯೂಮ್ ಖಾಲಿ, ಪೆಡಲ್ ಕಲ್ಲು. ನಾನು ಸೆಕೆಂಡ್ ಗೇರಿನಲ್ಲೇ ಇಳಿಯುತ್ತೇನೆ.