‘ನಮ್ಮ ಕಾಲವೇ ಚೆನ್ನಾಗಿತ್ತು’ ಎಂಬ ಮಾತನ್ನು ಒರೆಗೆ ಹಚ್ಚುವ ಬಗೆ

ಹಬ್ಬಕ್ಕೆಂದು ಊರಿಗೆ ಹೋದವರು ಜಗಲಿಯ ಮೇಲೆ ಕುಳಿತು ಎರಡನೆಯ ಲೋಟ ಕಾಫಿ ಮುಗಿಸುವುದರೊಳಗೆ ಈ ಮಾತು ಕಿವಿಗೆ ಬಿದ್ದೇ ಬೀಳುತ್ತದೆ. ಕಾಲ ಕೆಟ್ಟುಹೋಯಿತು, ಆಗಿನ ರಾಗಿಗಿದ್ದ ರುಚಿ ಈಗಿಲ್ಲ, ಆಗಿನವರಿಗಿದ್ದ ಮಾತಿನ ನಿಯತ್ತು ಈಗಿನವರಿಗಿಲ್ಲ. ಕೇಳಿಸಿಕೊಂಡ ಕಿರಿಯರು ಒಂದೋ ಹಿರಿಯರಿಗೆ ಬೇಸರವಾಗದಿರಲೆಂದು ತಲೆಯಾಡಿಸುತ್ತಾರೆ, ಇಲ್ಲವೇ ಮುದುಕರ ಗೊಣಗಾಟವೆಂದು ಎದ್ದು ಹೋಗುತ್ತಾರೆ. ನನ್ನ ಮಟ್ಟಿಗೆ ಎರಡೂ ಸೋಮಾರಿತನವೇ. ಆ ಮಾತನ್ನು ಒಬ್ಬ ಸಾಕ್ಷಿಯ ಹೇಳಿಕೆಯೆಂದು ತಿಳಿದು ಬರೆದುಕೊಂಡು, ಬಿಡಿಸಿ, ಸಿಗುವ ದಾಖಲೆಗಳೊಂದಿಗೆ ತಾಳೆ ನೋಡುವುದು ಸಾಧ್ಯವಿದೆ. ಒಂದು ಮನೆ ಮತ್ತು ಒಂದು ಊರಿನ ಮಟ್ಟಿಗೆ ಆ ಕೆಲಸವನ್ನು ಹೇಗೆ ಮಾಡಬಹುದೆಂದು ಇಲ್ಲಿ ವಿವರಿಸುತ್ತೇನೆ. ಅದಕ್ಕೆ ಒಂದು ನೋಟ್ ಪುಸ್ತಕ, ನಾಲ್ಕಾರು ಮಧ್ಯಾಹ್ನಗಳ ಬಿಡುವು ಮತ್ತು ನಡುವೆ ಬಾಯಿ ಹಾಕದೆ ಕೇಳುವ ಅಭ್ಯಾಸವಿದ್ದರೆ ಸಾಕು.

ಕೆಲಸಕ್ಕೆ ತೊಡಗುವ ಮೊದಲು ತಿಳಿದಿರಬೇಕಾದ ಸಂಗತಿಯೆಂದರೆ, ಈ ದೂರು ಪ್ರತಿಯೊಂದು ತಲೆಮಾರಿನದೂ ಹೌದು. ಕೃತಯುಗದಲ್ಲಿ ನಾಲ್ಕು ಕಾಲಿನ ಮೇಲೆ ನಿಂತಿದ್ದ ಧರ್ಮ ಕಲಿಯುಗದಲ್ಲಿ ಒಂಟಿಕಾಲಿನ ಮೇಲೆ ನಿಂತಿದೆ ಎಂಬ ಪುರಾಣದ ಲೆಕ್ಕ ನಮ್ಮಲ್ಲಿ ಎಷ್ಟು ಹಳೆಯದೋ, ಕಾಲ ಕೆಡುತ್ತಲೇ ಇದೆ ಎಂಬ ಭಾವನೆಯೂ ಅಷ್ಟೇ ಹಳೆಯದು. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಆಡಮ್ ಮಾಸ್ಟ್ರೊಯಾನಿ ಮತ್ತು ಡೇನಿಯಲ್ ಗಿಲ್ಬರ್ಟ್ 2023ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಕನಿಷ್ಠ 60 ದೇಶಗಳ ಜನ ನೈತಿಕತೆ ಕುಸಿಯುತ್ತಿದೆಯೆಂದು ನಂಬಿರುವುದನ್ನೂ, ಅಂಥ ಉತ್ತರಗಳು 1949ರಷ್ಟು ಹಿಂದಿನ ಸಮೀಕ್ಷೆಗಳಲ್ಲೇ ಇರುವುದನ್ನೂ ತೋರಿಸಿತು. ಇಂದು ಯಾವ ಕಾಲವನ್ನು ನೆನೆದು ನಾವು ಮರುಗುತ್ತೇವೆಯೋ ಆ ಕಾಲದವರೂ ಅದಕ್ಕೂ ಹಿಂದಿನದನ್ನು ನೆನೆದು ಮರುಗುತ್ತಿದ್ದರು. ಇದರಿಂದ ಅಜ್ಜಿ ಸುಳ್ಳು ಹೇಳುತ್ತಿದ್ದಾಳೆಂದು ಆಗುವುದಿಲ್ಲ. ಅವಳ ಮಾತನ್ನು ಹಾಗೆಯೇ ಸಮಾಜದ ಚರಿತ್ರೆಯೆಂದು ಓದಬಾರದು, ಅಷ್ಟೇ.

ಮೊದಲು ‘ನಮ್ಮ ಕಾಲ’ ಎಂದರೆ ಯಾವ ಕಾಲವೆಂದು ಗೊತ್ತುಮಾಡಿಕೊಳ್ಳಬೇಕು. ಮನುಷ್ಯರಿಗೆ ಹತ್ತರಿಂದ ಮೂವತ್ತರ ವಯಸ್ಸಿನ ನೆನಪುಗಳು ಉಳಿದ ವಯಸ್ಸಿನವುಗಳಿಗಿಂತ ಹೆಚ್ಚು ದಟ್ಟವಾಗಿರುತ್ತವೆ. ಆದ್ದರಿಂದ ಬಹುತೇಕರ ‘ನಮ್ಮ ಕಾಲ’ ಅವರ ಮೊಣಕಾಲು ನೋಯದಿದ್ದ ಕಾಲವೇ ಆಗಿರುತ್ತದೆ. ಇಸವಿಯನ್ನು ನೇರವಾಗಿ ಕೇಳಿದರೆ ಉತ್ತರ ಬರುವುದು ಅಪರೂಪವಾದ್ದರಿಂದ ಘಟನೆಗಳ ಗೂಟ ನೆಟ್ಟು ಕೇಳಬೇಕು: ಗಾಂಧೀಜಿ ತೀರಿಕೊಂಡಾಗ ನೀವು ಎಷ್ಟು ಎತ್ತರವಿದ್ದಿರಿ, ಅಮೆರಿಕದ ಗೋಧಿ ಬಂದ ವರ್ಷ ಮದುವೆಯಾಗಿತ್ತೇ, ಮೈಸೂರು ರಾಜ್ಯಕ್ಕೆ ಕರ್ನಾಟಕವೆಂದು ಹೆಸರಿಟ್ಟಾಗ ಮಡಿಲಲ್ಲಿ ಯಾವ ಮಗುವಿತ್ತು. 1948, 1960ರ ದಶಕದ ನಡುಭಾಗ ಮತ್ತು 1973ರ ಈ ಗೂಟಗಳ ನಡುವೆ ಉಳಿದದ್ದನ್ನು ಕಟ್ಟಿಹಾಕಬಹುದು. ಕೆಲವರು ಸಂವತ್ಸರದ ಹೆಸರು ಹೇಳುತ್ತಾರೆ. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಮರಳುವುದರಿಂದ ಅದು ಯಾವ ಸುತ್ತಿನದೆಂದು ವಿಚಾರಿಸಿಕೊಳ್ಳಬೇಕು. ಧಾತು ಸಂವತ್ಸರವೆಂದರೆ 1996–97ನೆಯದೂ ಆಗಬಹುದು, 1876–77ರ ಬರವೂ ಆಗಬಹುದು. ಮರುವರ್ಷದ ಈಶ್ವರ ಸಂವತ್ಸರಕ್ಕೂ ಮುಂದುವರಿದ ಆ ಬರದ ದೆಸೆಯಿಂದ, 1871ರಲ್ಲಿ ಐವತ್ತು ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಗಣತಿಯ ವೇಳೆಗೆ ಸುಮಾರು 42 ಲಕ್ಷಕ್ಕೆ ಇಳಿದಿತ್ತು.

ಕಾಲ ಗೊತ್ತಾದ ಮೇಲೆ ‘ಚೆನ್ನಾಗಿತ್ತು’ ಎಂಬುದನ್ನು ಬಿಡಿಸಬೇಕು. ಊಟ, ನೀರು, ಬೆಲೆ, ಕಾಯಿಲೆ, ನೆರೆಹೊರೆ, ಓದು, ಮರ್ಯಾದೆ ಹೀಗೆ ಒಂದೊಂದಕ್ಕೂ ಪುಸ್ತಕದಲ್ಲಿ ಬೇರೆ ಹಾಳೆ ಇರಲಿ. ಬೆಲೆಯ ಹಾಳೆಯಲ್ಲಿ ಎಲ್ಲರೂ ಮೋಸಹೋಗುತ್ತಾರೆ. ರೂಪಾಯಿಗೆ ಇಷ್ಟು ಸೇರು ಅಕ್ಕಿ ಬರುತ್ತಿತ್ತೆಂದು ಹೇಳಿದವರನ್ನು, ಆ ರೂಪಾಯಿ ಕೈಗೆ ಬರಲು ಎಷ್ಟು ದಿನ ದುಡಿಯಬೇಕಿತ್ತೆಂದು ಕೇಳದಿದ್ದರೆ ಆ ಅಂಕಿಗೆ ಅರ್ಥವಿಲ್ಲ. ಕೂಲಿಯನ್ನು ಕಾಳಿನಲ್ಲೇ ಕೊಡುತ್ತಿದ್ದ ಊರುಗಳಲ್ಲಿ ಲೆಕ್ಕ ಇನ್ನೂ ಸುಲಭ. ಒಂದು ಸೀರೆಗೆ ಎಷ್ಟು ದಿನದ ಕೂಲಿ, ಒಂದು ಜೊತೆ ಚಪ್ಪಲಿಗೆ ಎಷ್ಟು, ಒಂದು ಮೂಟೆ ರಾಗಿಗೆ ಎಷ್ಟು ಎಂದು ಬರೆದು, ಪಕ್ಕದಲ್ಲಿ ಇಂದಿನ ಕೂಲಿಯ ಲೆಕ್ಕ ಬರೆಯಿರಿ. ವರ್ಷಕ್ಕೆ ಎಷ್ಟು ಸೀರೆ ಇದ್ದವೆಂಬ ಪ್ರಶ್ನೆಯನ್ನೂ ಕೇಳಿ. ಅದಕ್ಕೆ ಬರುವ ಉತ್ತರ ಬೆಲೆಪಟ್ಟಿಗಿಂತ ಹೆಚ್ಚು ಹೇಳುತ್ತದೆ.

ಕಾಯಿಲೆಯ ಹಾಳೆಗೆ ಹೆಚ್ಚು ಸಮಯ ಇಟ್ಟುಕೊಳ್ಳಿ. ಆಗಿನವರು ಗಟ್ಟಿಮುಟ್ಟಾಗಿದ್ದರು, ಆಸ್ಪತ್ರೆಯ ಮುಖವನ್ನೇ ನೋಡಿದವರಲ್ಲ ಎಂಬ ಮಾತು ಹೆಚ್ಚಾಗಿ ಬರುವುದು ಇಲ್ಲಿಯೇ. ಹಾಗೆ ಹೇಳುವವರು ಉಳಿದವರು. ಉಳಿಯದವರು ಜಗಲಿಗೆ ಬಂದು ಸಾಕ್ಷಿ ಹೇಳುವುದಿಲ್ಲ. ಈ ಒಂದು ಕಾರಣಕ್ಕಾಗಿ, ಎಷ್ಟು ಮಕ್ಕಳು ಎಂಬ ಪ್ರಶ್ನೆಯ ಬದಲು ಎಷ್ಟು ಹೆರಿಗೆ, ಅದರಲ್ಲಿ ಎಷ್ಟು ಉಳಿದವು ಎಂದು ಕೇಳಬೇಕು. ಈ ಪ್ರಶ್ನೆಯನ್ನು ಹೆಣ್ಣುಮಕ್ಕಳು ಕೇಳಿದರೆ ಒಳ್ಳೆಯದು, ಸುತ್ತಮುತ್ತ ಜನ ಇಲ್ಲದಾಗ ಕೇಳಿದರೆ ಇನ್ನೂ ಒಳ್ಳೆಯದು; ಉತ್ತರ ಬಾರದಿದ್ದರೆ ಅಲ್ಲಿಗೇ ಬಿಟ್ಟುಬಿಡಬೇಕು. ನಮ್ಮ ಅಜ್ಜಿ ಅವರೆಕಾಯಿ ಸುಲಿಯುತ್ತಾ, ತಲೆಯೆತ್ತದೆ, ‘ಒಂಬತ್ತು ಹೆತ್ತೆ, ಐದು ಉಳಿದವು. ಆಗೆಲ್ಲ ಹಾಗೇ ಅಲ್ಲವೇನೋ ಮಗಾ’ ಎಂದಿದ್ದಳು. ನಾಯಿಕೆಮ್ಮು, ದಡಾರ, ಅಮ್ಮ ಎಂದು ಅವಳು ಕರೆಯುತ್ತಿದ್ದ ಸಿಡುಬು, ಹೆಸರೇ ಗೊತ್ತಾಗದ ಒಂದು ಜ್ವರ. ಅಂದಿನ ಊಟದ ರುಚಿಯನ್ನು ಅರ್ಧ ಗಂಟೆ ಬಣ್ಣಿಸಿದವಳು ಇದನ್ನು ಎರಡೇ ವಾಕ್ಯದಲ್ಲಿ ಮುಗಿಸಿದಳು.

ಮನೆಯ ಲೆಕ್ಕವನ್ನು ದೇಶದ ಲೆಕ್ಕದ ಪಕ್ಕದಲ್ಲಿಟ್ಟು ನೋಡಿ. ಸ್ವಾತಂತ್ರ್ಯ ಬಂದ ಹೊತ್ತಿಗೆ ಭಾರತೀಯರ ಸರಾಸರಿ ಆಯುಷ್ಯ ಮೂವತ್ತೆರಡರ ಆಸುಪಾಸಿನಲ್ಲಿತ್ತು. ಈಗ ಎಪ್ಪತ್ತರ ಆಸುಪಾಸಿನಲ್ಲಿದೆ. ಹಿಂದೆ ಎಲ್ಲರೂ ಮೂವತ್ತೆರಡಕ್ಕೇ ಸಾಯುತ್ತಿದ್ದರೆಂದು ಇದನ್ನು ಓದಬಾರದು, ತೊಟ್ಟಿಲಲ್ಲೇ ಹೋಗುತ್ತಿದ್ದ ಮಕ್ಕಳು ಆ ಸರಾಸರಿಯನ್ನು ಕೆಳಗೆಳೆಯುತ್ತಿದ್ದರು. 1971ರಲ್ಲಿಯೂ ದೇಶದಲ್ಲಿ ಹುಟ್ಟಿದ ಪ್ರತಿ ಸಾವಿರ ಶಿಶುಗಳಲ್ಲಿ 129 ಶಿಶುಗಳು ವರ್ಷ ತುಂಬುವ ಮುನ್ನ ತೀರಿಕೊಳ್ಳುತ್ತಿದ್ದವು. 2020ರಲ್ಲಿ ಆ ಸಂಖ್ಯೆ 28. ಸಿಡುಬಂತೂ 1975ರ ನಂತರ ನಮ್ಮ ದೇಶದಲ್ಲಿ ಯಾರ ಮನೆಗೂ ಬಂದಿಲ್ಲ.

ಮುಂದಿನ ಕೆಲಸ ಸಾಕ್ಷಿಗಳನ್ನು ಬದಲಿಸುವುದು. ಒಂದೇ ಜಗಲಿಯ ಮೇಲೆ ಕುಳಿತು ಕೇಳಿದರೆ ಒಂದೇ ಜಗಲಿಯ ಚರಿತ್ರೆ ಸಿಗುತ್ತದೆ. ಅದೇ ವಯಸ್ಸಿನವರನ್ನು ಊರಿನ ಇನ್ನೊಂದು ಕೇರಿಯಲ್ಲಿ, ಅದೇ ಪ್ರಶ್ನೆಗಳೊಂದಿಗೆ, ಅಷ್ಟೇ ಮರ್ಯಾದೆಯಿಂದ ಮಾತನಾಡಿಸಬೇಕು. ಸೇದುವ ಬಾವಿಯ ನೀರು ಕಲ್ಲುಸಕ್ಕರೆಯಂತಿತ್ತೆಂದು ಒಬ್ಬರು ಹೇಳಿದ್ದರೆ, ಆ ಬಾವಿಯ ಹಗ್ಗ ಮುಟ್ಟುವ ಹಕ್ಕು ಯಾರಿಗಿತ್ತೆಂಬುದು ಎರಡನೆಯ ಕೇರಿಯಲ್ಲಿ ತಿಳಿಯುತ್ತದೆ. ‘ಊರೆಲ್ಲ ಒಂದೇ ಮನೆಯಂತಿತ್ತು’ ಎಂಬ ಮಾತನ್ನು, ಆ ಮನೆಯ ಹಿತ್ತಲ ಬಾಗಿಲಿನಲ್ಲಿ ನಿಂತು ಅನ್ನ ಇಸಿದುಕೊಂಡವರಿಂದ ಕೇಳಿ ನೋಡಿ. ಭೂಸುಧಾರಣೆಯ ವಿಷಯದಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ. 1974ರ ತಿದ್ದುಪಡಿಯ ನಂತರ ಗೇಣಿದಾರರು ಅರ್ಜಿ ಹಾಕಿ ತಾವು ಉಳುತ್ತಿದ್ದ ಭೂಮಿಯ ಒಡೆತನ ಪಡೆದದ್ದು ಒಂದು ಮನೆಯ ನೆನಪಿನಲ್ಲಿ ಕೆಟ್ಟ ಕಾಲದ ಆರಂಭವಾದರೆ, ಇನ್ನೊಂದು ಮನೆಯಲ್ಲಿ ಮೊದಲ ಬಾರಿಗೆ ಹೆಂಚು ಹೊದಿಸಿದ ವರ್ಷ. ಎರಡೂ ನಿಜ, ಎರಡನ್ನೂ ಬರೆದುಕೊಳ್ಳಬೇಕು. ಹೆಂಗಸರನ್ನೂ ಗಂಡಸರನ್ನೂ ಬೇರೆಬೇರೆಯಾಗಿ ಕೇಳುವುದು ಇದೇ ಕಾರಣಕ್ಕೆ. 1951ರ ಜನಗಣತಿಯಲ್ಲಿ ದೇಶದ ನೂರು ಹೆಂಗಸರಲ್ಲಿ ಓದುಬರಹ ಬಲ್ಲವರು ಒಂಬತ್ತು ಮಂದಿಯೂ ಇರಲಿಲ್ಲ. ಆಗಿನ ಓದು ಗಟ್ಟಿಯಾಗಿತ್ತೆಂಬ ಮಾತು ಯಾರ ಓದಿನ ಬಗ್ಗೆ ಎಂಬುದು ಅಲ್ಲಿ ಸ್ಪಷ್ಟವಾಗುತ್ತದೆ.

ಇಷ್ಟು ಮಾಡಿದವರಿಗೆ ಹಳೆಯದೆಲ್ಲ ಭ್ರಮೆಯೆಂದು ತೀರ್ಮಾನಿಸುವ ಉತ್ಸಾಹ ಬರುತ್ತದೆ. ಅದನ್ನು ತಡೆದುಕೊಳ್ಳಬೇಕು, ಏಕೆಂದರೆ ಕೆಲವು ದೂರುಗಳು ದಾಖಲೆಯೆದುರು ಗಟ್ಟಿಯಾಗಿ ನಿಲ್ಲುತ್ತವೆ. ಕೆರೆಯಲ್ಲಿ ಈಜು ಕಲಿತೆವೆಂದು ಬೆಂಗಳೂರಿನ ಹಿರಿಯರು ಹೇಳಿದರೆ ಅದಕ್ಕೆ ನಕ್ಷೆಯೇ ಸಾಕ್ಷಿ: ಧರ್ಮಾಂಬುಧಿ ಕೆರೆಯಿದ್ದಲ್ಲಿ ಈಗ ಮೆಜೆಸ್ಟಿಕ್‌ನ ಬಸ್ ನಿಲ್ದಾಣವಿದೆ, ಸಂಪಂಗಿ ಕೆರೆಯಿದ್ದಲ್ಲಿ ಕಂಠೀರವ ಕ್ರೀಡಾಂಗಣವಿದೆ. ಇನ್ನೂ ಕಹಿಯಾದದ್ದು ಮಕ್ಕಳ ಲಿಂಗಾನುಪಾತ. ಆರು ವರ್ಷದೊಳಗಿನ ಪ್ರತಿ ಸಾವಿರ ಗಂಡುಮಕ್ಕಳಿಗೆ 1961ರಲ್ಲಿ ದೇಶದಲ್ಲಿ 976 ಹೆಣ್ಣುಮಕ್ಕಳಿದ್ದರು; ಸಾಕ್ಷರತೆ, ಆದಾಯ, ಆಸ್ಪತ್ರೆ ಎಲ್ಲವೂ ಹೆಚ್ಚುತ್ತಾ ಹೋದ ಐವತ್ತು ವರ್ಷಗಳ ನಂತರ, 2011ರಲ್ಲಿ, ಅದು 920ಕ್ಕಿಂತಲೂ ಕೆಳಗಿಳಿದಿತ್ತು. ಹೆರಿಗೆಯನ್ನು ಸುರಕ್ಷಿತಗೊಳಿಸಿದ ಸ್ಕ್ಯಾನಿಂಗ್ ಯಂತ್ರವೇ ಹೆಣ್ಣುಭ್ರೂಣವನ್ನು ಗುರುತಿಸಿ ತೆಗೆಸುವುದಕ್ಕೂ ಬಳಕೆಯಾಯಿತು, ಅದನ್ನು ತಡೆಯಲು 1994ರಲ್ಲಿ ಕಾಯ್ದೆಯನ್ನೇ ತರಬೇಕಾಯಿತು.

ಊರಿನ ಮಟ್ಟದ ದಾಖಲೆಗಳು ಅಂದುಕೊಂಡಷ್ಟು ದೂರವಿಲ್ಲ. ಜನಗಣತಿ ಇಲಾಖೆಯ ಜಿಲ್ಲಾ ಕೈಪಿಡಿಗಳಲ್ಲಿ ಹಳ್ಳಿವಾರು ಜನಸಂಖ್ಯೆ ಮತ್ತು ಓದುಬರಹದ ಅಂಕಿಗಳಿವೆ. ಹಳೆಯ ಗೆಜೆಟಿಯರುಗಳಲ್ಲಿ ಬೆಳೆ, ಬರ, ಕಾಯಿಲೆಗಳ ವಿವರ ಸಿಗುತ್ತದೆ. ಜಮೀನಿಗೆ ಪಹಣಿಯಿದೆ. ಊರಿನ ಶಾಲೆಯ ದಾಖಲಾತಿ ಪುಸ್ತಕವನ್ನು ಮುಖ್ಯೋಪಾಧ್ಯಾಯರ ಅನುಮತಿ ಪಡೆದು ನೋಡಲು ಸಿಕ್ಕರೆ, ಯಾವ ವರ್ಷ ಎಷ್ಟು ಹೆಣ್ಣುಮಕ್ಕಳು ಸೇರಿದರು, ಎಷ್ಟನೆಯ ತರಗತಿಗೆ ಬಿಟ್ಟರು ಎಂಬುದನ್ನು ಎಣಿಸಬಹುದು. ಹೆಸರುಗಳನ್ನು ಮಾತ್ರ ಬರೆದುಕೊಳ್ಳಬೇಡಿ. ಅಲ್ಲಿರುವ ಹುಟ್ಟಿದ ತಾರೀಕುಗಳನ್ನೂ ನಂಬಬೇಡಿ. ನಮ್ಮ ಕಡೆಯ ಅರ್ಧ ಊರು ಜೂನ್ ಒಂದರಂದೇ ಹುಟ್ಟಿದ್ದು ಮೇಷ್ಟರ ಕೃಪೆಯಿಂದ.

ಹಾಳೆಗಳು ತುಂಬಿದ ಮೇಲೆ ಅವನ್ನು ಕೂಡಿಸಿ ಕಳೆದು ಒಂದೇ ಉತ್ತರ ತೆಗೆಯಲು ಹೋಗಬೇಡಿ. ನನ್ನ ಪುಸ್ತಕದಲ್ಲಿ ಕಾಯಿಲೆ, ಓದು, ಮರ್ಯಾದೆಯ ಹಾಳೆಗಳು ಇಂದಿನ ಪರವಾಗಿ ಬಲವಾಗಿ ವಾಲಿವೆ, ನೀರಿನ ಹಾಳೆ ಅಂದಿನ ಪರ ಇದೆ, ನೆರೆಹೊರೆಯ ಹಾಳೆಯಲ್ಲಿ ಕೇರಿಗೊಂದು ಉತ್ತರವಿದೆ. ಉಳಿದ ಮನೆಗಳಲ್ಲಿ ಬೇರೆ ರೀತಿ ಬಂದೀತು.

ಕೊನೆಯದಾಗಿ, ಬರೆದದ್ದನ್ನು ಹೇಳಿದವರ ಮುಂದೆ ಗಟ್ಟಿಯಾಗಿ ಓದಬೇಕು. ತಪ್ಪುಗಳು ತಿದ್ದಿಹೋಗುವುದು ಆಗಲೇ, ಹೊಸ ನೆನಪುಗಳು ಏಳುವುದೂ ಆಗಲೇ. ಅಜ್ಜಿಗೆ ನಾನು ಕಾಯಿಲೆಯ ಹಾಳೆಯನ್ನು ಓದಿ ಹೇಳಿದಾಗ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಒಂಬತ್ತಲ್ಲ, ಹತ್ತು ಅಂತ ಬರಕೊ. ಹೆಸರಿಡೋ ಮುಂಚೆ ಹೋದದ್ದು ಒಂದಿತ್ತು’ ಎಂದಳು.