ದಪ್ಪಕ್ಕಿಂತ ಹೆಗಲು ಮುಖ್ಯ: ಎಲೆಕ್ಟ್ರಿಕ್ ಗಿಟಾರ್ ನೆಕ್‌ಗಳನ್ನು ಹೋಲಿಸಿ ನೋಡಿದ ಅನುಭವ

ಅಂಗಡಿಯಲ್ಲಿ ಎರಡು ನಿಮಿಷ ಹಿಡಿದು ನೋಡಿದರೆ ತೆಳು ನೆಕ್ (ಗಿಟಾರ್‌ನ ಕೈ ಹಿಡಿಯುವ ಉದ್ದ ಭಾಗ) ಬಹುಮಟ್ಟಿಗೆ ಎಲ್ಲರಿಗೂ ಹಿತವೆನಿಸುತ್ತದೆ. ಇಪ್ಪತ್ತು ನಿಮಿಷ ಬಾರ್ ಕಾರ್ಡ್ (ತೋರುಬೆರಳಿನಿಂದ ತಂತಿಗಳನ್ನೆಲ್ಲ ಅಡ್ಡವಾಗಿ ಒತ್ತಿ ಹಿಡಿಯುವ ಸ್ವರಗುಚ್ಛ) ನುಡಿಸಿದ ಮೇಲೆ ಹೆಬ್ಬೆರಳಿನ ಬುಡ ಬೇರೆಯೇ ತೀರ್ಪು ಕೊಡುತ್ತದೆ. ಆ ತೀರ್ಪನ್ನು ಅಳತೆಯಲ್ಲಿ ಹಿಡಿಯಬೇಕೆಂದು ನಾಲ್ಕು ನೆಕ್‌ಗಳನ್ನು ಪಕ್ಕಪಕ್ಕ ಇಟ್ಟುಕೊಂಡೆ: ಫೆಂಡರ್ ಮಾಡರ್ನ್ ಸಿ (ಬೆನ್ನು ಸಿ ಅಕ್ಷರದಂತೆ), ಸಾಫ್ಟ್ ವಿ (ಬೆನ್ನಿನ ನಡುವೆ ಮೊಂಡು ಏಣು), ಐವತ್ತರ ದಶಕದ ಮಾದರಿಯ ತುಂಬು ದುಂಡಿನ ಗಿಬ್ಸನ್ ಲೆಸ್ ಪಾಲ್, ಮತ್ತು ಐಬನೇಜ್ ವಿಝರ್ಡ್ 3.

ಹೋಲಿಕೆಗೆ ಮೊದಲು ಸೆಟಪ್ (ತಂತಿ, ಅದರ ಎತ್ತರ, ನೆಕ್‌ನ ಬಾಗು ಇವುಗಳ ಹೊಂದಾಣಿಕೆ) ಒಂದೇ ಆಗಿರಲೇಬೇಕು. ಇಲ್ಲದಿದ್ದರೆ ನಾವು ಬೆಲೆ ಕಟ್ಟುವುದು ನೆಕ್ಕಿಗಲ್ಲ, ತಂತಿಯ ಎತ್ತರಕ್ಕೆ. ನಾಲ್ಕಕ್ಕೂ ಹೊಸ 10-46 ತಂತಿ (ದಪ್ಪ ಇಂಚಿನ ಸಾವಿರದ ಲೆಕ್ಕದಲ್ಲಿ) ಹಾಕಿದೆ. ಒಂದನೇ ಫ್ರೆಟ್‌ಗೆ (ನೆಕ್‌ಗೆ ಅಡ್ಡವಾಗಿ ಕೂರಿಸಿದ ಲೋಹದ ಗೆರೆ) ಕೇಪೊ, ಎಂದರೆ ತಂತಿ ಒತ್ತಿಹಿಡಿಯುವ ಕ್ಲಿಪ್, ಹಾಕಿ, ಆರನೇ ತಂತಿಯನ್ನು ಕೊನೆಯ ಫ್ರೆಟ್‌ನಲ್ಲಿ ಒತ್ತಿ ಹಿಡಿದು, 7-8ನೇ ಫ್ರೆಟ್ ಮೇಲೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ಲೋಹದ ಎಲೆ) ತೂರಿಸಿ, ನೆಕ್‌ನೊಳಗಿನ ಲೋಹದ ಕಂಬಿಯಾದ ಟ್ರಸ್ ರಾಡ್ ತಿರುಗಿಸಿ ಎಲ್ಲದರಲ್ಲೂ 0.25 ಮಿ.ಮೀ. ಬಾಗು ಉಳಿಸಿದೆ. 12ನೇ ಫ್ರೆಟ್‌ನಲ್ಲಿ ತಂತಿಯ ಎತ್ತರ ದಪ್ಪ ತಂತಿಗೆ 1.8, ಸಣ್ಣದಕ್ಕೆ 1.5 ಮಿ.ಮೀ. ಇದರ ಜತೆಗೆ ನಟ್ (ನೆಕ್‌ನ ತುದಿಯಲ್ಲಿ ತಂತಿಗಳು ಕೂರುವ ಕಚ್ಚುಗಳಿರುವ ತುಂಡು) ಕೂಡ ನೋಡಬೇಕು, ಇದನ್ನು ಬಹಳ ಜನ ಮರೆಯುತ್ತಾರೆ. ತಂತಿಯನ್ನು ಮೂರನೇ ಫ್ರೆಟ್‌ನಲ್ಲಿ ಒತ್ತಿದಾಗ ಒಂದನೇ ಫ್ರೆಟ್ ಮೇಲೆ ಕೂದಲೆಳೆಯಷ್ಟು ಮಾತ್ರ ಸಂದು ಕಾಣಬೇಕು. ಅದಕ್ಕಿಂತ ಹೆಚ್ಚಿದ್ದರೆ ನಟ್‌ನ ಕಚ್ಚಿನ ಆಳ ಸಾಲದು ಎಂದರ್ಥ. ಎಫ್ ಬಾರ್ (ಒಂದನೇ ಫ್ರೆಟ್‌ನ ಬಾರ್ ಕಾರ್ಡ್) ಹಿಡಿಯಲು ಕಷ್ಟವಾದಾಗ ನೆಕ್ಕನ್ನು ದೂರುವವರ ಗಿಟಾರ್‌ಗಳಲ್ಲಿ ತಪ್ಪು ಎಷ್ಟೋ ಸಲ ಇಲ್ಲೇ ಇರುತ್ತದೆ.

ಒಂದು ವ್ಯತ್ಯಾಸವನ್ನು ಮಾತ್ರ ಸಮ ಮಾಡಲಾಗದು. ಲೆಸ್ ಪಾಲ್‌ನ ಸ್ಕೇಲ್ (ನಟ್‌ನಿಂದ ಬ್ರಿಡ್ಜ್‌ವರೆಗಿನ ತಂತಿಯ ಉದ್ದ) 628 ಮಿ.ಮೀ., ಉಳಿದ ಮೂರರದು 648. ಅದೇ ತಂತಿ, ಅದೇ ಶ್ರುತಿ ಇದ್ದರೂ ಲೆಸ್ ಪಾಲ್‌ನಲ್ಲಿ ಬಿಗಿತ ಸುಮಾರು 6 ಶೇಕಡ ಕಡಿಮೆ. ಹಾಗಾಗಿ ಬೆಂಡ್ (ತಂತಿಯನ್ನು ಪಕ್ಕಕ್ಕೆಳೆದು ಸ್ವರ ಏರಿಸುವುದು) ಸುಲಭವಾಯಿತೆಂದು ಅದರ ನೆಕ್ಕಿಗೆ ಅಂಕ ಕೊಡಬಾರದು.

ಇನ್ನು ಅಳತೆ. ತಂತಿ ಸಡಿಲಿಸಿ ಪಕ್ಕಕ್ಕೆ ಸರಿಸಿ, ವರ್ನಿಯರ್ ಕ್ಯಾಲಿಪರ್‌ನ ದವಡೆಗೆ ಟೇಪ್ ಸುತ್ತಿ (ಬಣ್ಣಕ್ಕೆ ಗೀರು ಬೀಳದಿರಲಿ), ಒಂದನೇ ಮತ್ತು 12ನೇ ಫ್ರೆಟ್‌ಗಳ ಹಿಂದಿನ ಮರದ ಮೇಲೆ ದಪ್ಪ ತೆಗೆದುಕೊಳ್ಳಬೇಕು. ಫ್ರೆಟ್‌ನ ತಲೆ ಮೇಲೆ ಇಟ್ಟರೆ ಒಂದು ಮಿಲಿಮೀಟರ್‌ನಷ್ಟು ಸುಳ್ಳು ಲೆಕ್ಕ ಬರುತ್ತದೆ. ವಿಝರ್ಡ್ 3ರ ಅಳತೆ 19 ಮತ್ತು 21 ಮಿ.ಮೀ. ಮಾಡರ್ನ್ ಸಿ ಸುಮಾರು 21ರಿಂದ 23. ಐವತ್ತರ ದಶಕದ ದುಂಡು ನೆಕ್ 12ನೇ ಫ್ರೆಟ್ ಹತ್ತಿರ 25 ಮುಟ್ಟುತ್ತದೆ.

ಆದರೆ ಕೈಗೆ ತಿಳಿಯುವುದು ಈ ಅಂಕಿಯಲ್ಲ. ನಾನು ಹೆಗಲು ಎನ್ನುವುದು ನೆಕ್‌ನ ಬೆನ್ನಿಗೂ ಫ್ರೆಟ್‌ಬೋರ್ಡ್ ಅಂಚಿಗೂ ನಡುವಿನ ತಿರುವನ್ನು. 43 ಮಿ.ಮೀ. ಅಗಲ, 21 ಮಿ.ಮೀ. ದಪ್ಪದ ಎರಡು ನೆಕ್‌ಗಳನ್ನು ಕಲ್ಪಿಸಿಕೊಳ್ಳಿ. ಒಂದರ ಬೆನ್ನು ತ್ರಿಕೋನವಾಗಿದ್ದರೆ ಅಂಚಿನಿಂದ ಅಂಚಿಗೆ ಬೆನ್ನಿನ ಸುತ್ತಳತೆ 60 ಮಿ.ಮೀ., ಅರ್ಧವೃತ್ತದಂತಿದ್ದರೆ 67. ಹೆಗಲು ಚೌಕದತ್ತ ವಾಲಿದಷ್ಟೂ ಇದು ಏರುತ್ತದೆ. ಕ್ಯಾಲಿಪರ್ ಎರಡಕ್ಕೂ 21 ಎಂದೇ ತೋರಿಸುತ್ತದೆ. ಅದಕ್ಕೇ ಒಂದು ಸೆಂ.ಮೀ. ಅಗಲದ ಕಾಗದದ ಪಟ್ಟಿಯನ್ನು ಬೆನ್ನಿಗೆ ಸುತ್ತಿ ಎರಡೂ ಅಂಚಿನಲ್ಲಿ ಗುರುತು ಹಾಕಿ ಅಳೆಯುತ್ತೇನೆ. ಆಕಾರ ಬೇಕಾದರೆ ದಪ್ಪನೆಯ ಬೆಸುಗೆ ತಂತಿ ಸಾಕು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುವ ಸಾಮಾನ್ಯ ಸುರುಳಿಯೇ ಆದೀತು. ಬೆನ್ನಿಗೆ ಒತ್ತಿ ಬಾಗಿಸಿದರೆ ಅದು ಬಾಗಿದ ಹಾಗೇ ನಿಲ್ಲುತ್ತದೆ. ಮೆಲ್ಲನೆ ತೆಗೆದು ಗ್ರಾಫ್ ಹಾಳೆಯ ಮೇಲಿಟ್ಟು ಗೆರೆ ಎಳೆಯಿರಿ. 1, 5, 12ನೇ ಫ್ರೆಟ್‌ಗಳ ಮೂರು ಗೆರೆಗಳನ್ನು ಒಂದರ ಮೇಲೊಂದು ಇಟ್ಟಾಗ ನೆಕ್‌ನ ಸ್ವಭಾವ ಕಣ್ಣಿಗೇ ಬೀಳುತ್ತದೆ.

ಕೈಯ ಪರೀಕ್ಷೆಯನ್ನು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಇನ್ನೊಬ್ಬರು ಕೊಟ್ಟ ಸರದಿಯಲ್ಲಿ ಮಾಡಿದೆ. ಪ್ರತಿಯೊಂದರಲ್ಲೂ ಎರಡು ನಿಮಿಷ ಎಫ್ ಬಾರ್, ಮೂರನೇ ತಂತಿಯ ಮೇಲೆ ಪೂರ್ತಿ ಸ್ವರದ ಬೆಂಡ್, ಒಂದನೇ ಫ್ರೆಟ್‌ನಿಂದ ಹನ್ನೆರಡಕ್ಕೆ ಜಾರು, ಕೊನೆಗೆ ನಾಲ್ಕು ಬೆರಳು ಅಗಲಿಸುವ ಪಾಠ. ಗಿಟಾರ್ ಹೆಗಲಿಗೆ ನೇತುಹಾಕುವ ಪಟ್ಟಿಯ ಎತ್ತರವನ್ನೂ ಬದಲಿಸಲಿಲ್ಲ, ಗಿಟಾರ್ ಇಳಿಬಿದ್ದರೆ ಮಣಿಕಟ್ಟು ಮಡಚಿ ಎಲ್ಲ ನೆಕ್ಕೂ ಕೆಟ್ಟದೆನಿಸುತ್ತದೆ.

ವಿಝರ್ಡ್ ಬೆರಳು ಅಗಲಿಸಲು ಬಲು ಸಲೀಸು. ಬೆನ್ನು ಚಪ್ಪಟೆ, ಹೆಬ್ಬೆರಳು ಹಿಂದಿನ ಮಧ್ಯಕ್ಕೆ ತಾನಾಗಿ ಹೋಗುತ್ತದೆ, ಶಾಸ್ತ್ರೀಯ ಗಿಟಾರ್ ಹಿಡಿತ ಬಲ್ಲವರಿಗೆ ಇದು ಮನೆ. ಆದರೆ ಬಾರ್ ಕಾರ್ಡ್‌ನಲ್ಲಿ ಅಂಗೈಗೆ ಆತುಕೊಳ್ಳಲು ಏನೂ ಸಿಗದೆ ಹೆಬ್ಬೆರಳು ಮತ್ತು ತೋರುಬೆರಳು ಚಿಮುಟಿಗೆಯಂತೆ ಹಿಸುಕುತ್ತವೆ. ನೋವು ಹುಟ್ಟುವುದು ಆ ಹಿಸುಕಿನಿಂದ. ಸಾಫ್ಟ್ ವಿ ಇದಕ್ಕೆ ತದ್ವಿರುದ್ಧ: ನಡುವಿನ ಏಣು ಹೆಬ್ಬೆರಳು ಮತ್ತು ತೋರುಬೆರಳಿನ ಸಂದಿನಲ್ಲಿ ಕೂರುತ್ತದೆ, ಹೆಬ್ಬೆರಳನ್ನು ಮೇಲಿನಿಂದ ಸುತ್ತಿ ಬೆಂಡ್ ಎಳೆಯುವವರಿಗೆ ಗಟ್ಟಿ ಆಸರೆ. ಎರಿಕ್ ಕ್ಲಾಪ್ಟನ್ ಹೆಸರಿನ ಸ್ಟ್ರಾಟೊಕಾಸ್ಟರ್‌ಗೆ ಈ ಆಕಾರ ಇರುವುದು ಸುಮ್ಮನಲ್ಲ. ಅದೇ ಹೆಬ್ಬೆರಳನ್ನು ಹಿಂದೆ ಇಟ್ಟರೆ ಏಣು ಮೂಳೆಗೆ ಒತ್ತುತ್ತದೆ. ತುಂಬು ದುಂಡು ನೆಕ್ ಎಫ್ ಬಾರ್‌ನಲ್ಲಿ ಎಲ್ಲಕ್ಕಿಂತ ಮುಂದೆ. ಅಂಗೈ ತುಂಬಿರುವುದರಿಂದ ಭಾರ ಹಂಚಿಹೋಗುತ್ತದೆ. ಕಿರುಬೆರಳು ದೂರ ಚಾಚುವಾಗ ಮಾತ್ರ ಅಡ್ಡಿ. ಮಾಡರ್ನ್ ಸಿ ಎಲ್ಲಿಯೂ ಮೊದಲಲ್ಲ, ಎಲ್ಲಿಯೂ ಕೊನೆಯಲ್ಲ. ಹೆಬ್ಬೆರಳು ಎಲ್ಲಿ ನಿಲ್ಲುತ್ತದೆಂದು ಇನ್ನೂ ಗೊತ್ತಿಲ್ಲದವರು ಇದನ್ನೇ ಕೊಳ್ಳಲಿ.

ಗಮಕ ನುಡಿಸುವವರಿಗೆ ಒಂದು ಮಾತು. ಜಾರಿಗೆ ನೆಕ್‌ನ ಬೆನ್ನು ನುಣುಪಾಗಿರಬೇಕು. ತಂತಿ ಎಳೆದು ನುಡಿಸುವ ಗಮಕಕ್ಕೆ ಫ್ರೆಟ್‌ಬೋರ್ಡ್‌ನ ಉಬ್ಬು ಮುಖ್ಯ. ಹಳೆಯ ಫೆಂಡರ್ ಮಾದರಿಯ 184 ಮಿ.ಮೀ. ರೇಡಿಯಸ್‌ನಲ್ಲಿ (ಅಂಕಿ ಸಣ್ಣದಾದಷ್ಟೂ ಉಬ್ಬು ಹೆಚ್ಚು) ಒಂದನೇ ತಂತಿಯನ್ನು ನಡುವಿನತ್ತ ತಳ್ಳಿದರೆ ಅಲ್ಲಿನ ಉಬ್ಬಿಗೆ ತಾಗಿ ನಾದ ಸಾಯುತ್ತದೆ. ತಂತಿ ಎತ್ತರಿಸುವುದು ಸುಲಭದ ದಾರಿ. 241ರಲ್ಲಿ ತೊಂದರೆ ಕಡಿಮೆ, ಗಿಬ್ಸನ್‌ನ 305ರಲ್ಲಿ ಇನ್ನೂ ಕಡಿಮೆ.

ಹಳೆಯ ಫೆಂಡರ್ ಕೊಳ್ಳುವವರು ಅಕ್ಷರಗಳಿಂದ ಮೋಸಹೋಗಬಾರದು. ಅರವತ್ತರ ದಶಕದ ನೆಕ್‌ಗಳ ಬುಡದಲ್ಲಿ ಒತ್ತಿದ ಎ, ಬಿ, ಸಿ, ಡಿ ಆಕಾರ ಹೇಳುವುದಿಲ್ಲ, ನಟ್‌ನ ಅಗಲ ಹೇಳುತ್ತವೆ: ಬಿ ಎಂದರೆ ಒಂದೂ ಐದೆಂಟಾಂಶ ಇಂಚು, ಸಿ ಎಂದರೆ ಒಂದೂಮುಕ್ಕಾಲು.

ಆಕಾರ ಸರಿಯಿದ್ದೂ ಕೈ ಒಪ್ಪದಿದ್ದರೆ ಮೇಲ್ಮೈ ನೋಡಿ. ಮಂಗಳೂರಿನ ಮಳೆಗಾಲದಲ್ಲಿ ಹೊಳಪಿನ ಲ್ಯಾಕರ್ ಅಂಗೈಗೆ ಅಂಟುತ್ತದೆ. ಹೆಡ್‌ಸ್ಟಾಕ್ (ಬಿರಡೆಗಳಿರುವ ತಲೆಭಾಗ) ಮತ್ತು ಫ್ರೆಟ್‌ಬೋರ್ಡ್ ಅಂಚಿಗೆ ಟೇಪ್ ಹಾಕಿ, ಬೂದು ಬಣ್ಣದ ಸ್ಕಾಚ್‌ಬ್ರೈಟ್‌ನಿಂದ ನೆಕ್‌ನ ಉದ್ದಕ್ಕೆ ಉಜ್ಜಿ ಹೊಳಪು ಮಾತ್ರ ತೆಗೆಯಿರಿ. ಸ್ಟೀಲ್ ವೂಲ್ ಬಳಸಿದರೆ ಅದರ ಪುಡಿಯನ್ನು ಪಿಕಪ್ ಅಯಸ್ಕಾಂತ ಸೆಳೆದುಕೊಳ್ಳುತ್ತದೆ, ಪಿಕಪ್‌ಗಳನ್ನು ಮೊದಲೇ ಮುಚ್ಚಿ. ಮರ ಕಂಡರೆ ನಿಲ್ಲಿಸಿ, ತೇವ ಒಳಗೆ ಹೋದರೆ ನೆಕ್ ಬಾಗುತ್ತದೆ. ಕಲಬುರಗಿಯಂಥ ಒಣ ಬೇಸಿಗೆಯಲ್ಲಿ ಇದರ ಇನ್ನೊಂದು ಮುಖ: ಫ್ರೆಟ್‌ಬೋರ್ಡ್ ಕುಗ್ಗಿ ಫ್ರೆಟ್ ತುದಿಗಳು ಹೊರಚಾಚಿ ಕೈ ಗೀರುತ್ತವೆ. ನೆಕ್ ಕೆಟ್ಟದೆಂದು ಮಾರಬೇಡಿ, ಸಣ್ಣ ಅರದಿಂದ ತುದಿ ತೀಡಿ. ಲ್ಯಾಕರ್ ಇಲ್ಲದ ರೋಸ್‌ವುಡ್ ಅಂಚು ಚೂಪಾಗಿದ್ದರೆ ನಯವಾದ ಸ್ಕ್ರೂಡ್ರೈವರ್ ದಂಡವನ್ನು ಓರೆಯಾಗಿ ಹಿಡಿದು ಫ್ರೆಟ್‌ಗಳ ನಡುವೆ ಒತ್ತಿ ಉಜ್ಜಿದರೆ ದುಂಡಾಗುತ್ತದೆ. ಲ್ಯಾಕರ್ ಹಾಕಿದ ಮೇಪಲ್ ಮೇಲೆ ಇದನ್ನು ಮಾಡಬೇಡಿ, ಪದರ ಒಡೆಯುತ್ತದೆ.

ಮರವನ್ನೇ ಕೆತ್ತಿ ತೆಳು ಮಾಡುವುದನ್ನು ನಾನು ಮಾಡುವುದಿಲ್ಲ. ಟ್ರಸ್ ರಾಡ್ ಎಷ್ಟು ಆಳದಲ್ಲಿದೆಯೆಂದು ಹೊರಗಿನಿಂದ ಕಾಣದು. ಬೋಲ್ಟ್ ಹಾಕಿದ ನೆಕ್ ಆದರೆ ಬದಲಿಸುವುದೇ ಮೇಲು. ಫೆಂಡರ್ ಮಾದರಿಯಲ್ಲಿ ಹಿಮ್ಮಡಿಯ (ಒಡಲಿಗೆ ಸೇರುವ ನೆಕ್‌ನ ಬುಡ) ಅಗಲ 56, ದಪ್ಪ 25.4 ಮಿ.ಮೀ., ನಾಲ್ಕು ತೂತುಗಳ ಅಂತರ 51ಕ್ಕೆ 38. ಅಗ್ಗದ ನಕಲುಗಳಲ್ಲಿ ಇವು ಒಂದೆರಡು ಮಿಲಿಮೀಟರ್ ಆಚೀಚೆ ಆಗುವುದರಿಂದ, ಹಳೆಯ ನೆಕ್ ಬಿಚ್ಚಿ ಅದು ಕೂರುವ ಗುಂಡಿಯನ್ನು (ಪಾಕೆಟ್) ಅಳೆಯುವ ತನಕ ಹೊಸದಕ್ಕೆ ದುಡ್ಡು ಕೊಡಬೇಡಿ.