ಸಿಲ್ಕ್ ಬೋರ್ಡ್ ತನಕ ಮಾತ್ರ ತಣ್ಣಗೆ

ನನ್ನ ಕಾರು 2008ರದ್ದು. ಈ ಏಪ್ರಿಲ್‌ನಲ್ಲಿ ಅದರ ಏಸಿ ಒಂದು ಚಾಳಿ ಕಲಿತಿತು. ಬೆಳಗ್ಗೆ ರಾಜಾಜಿನಗರದಲ್ಲಿ ಹೊರಟಾಗ ಚಳಿ ಹಿಡಿಸುವಷ್ಟು ತಣ್ಣಗೆ. ಸಿಲ್ಕ್ ಬೋರ್ಡ್ ಬರುವ ಹೊತ್ತಿಗೆ ಬರೀ ಬಿಸಿಗಾಳಿ. ಸಂಜೆ ಆಫೀಸಿನಿಂದ ಹೊರಟರೂ ಅಷ್ಟೇ, ಮೊದಲ ಮುಕ್ಕಾಲು ಗಂಟೆ ಸುಖ, ಆಮೇಲೆ ಬೆವರು. "ಬೆಂಗಳೂರಲ್ಲಿ ಏಸಿ ಯಾಕೋ, ಗ್ಲಾಸ್ ಇಳಿಸು" ಅಂದರು ಅಪ್ಪ. ಅವರು ಹೊಸೂರು ರಸ್ತೆಯಲ್ಲಿ ಲಾರಿ ಪಕ್ಕ ಗ್ಲಾಸ್ ಇಳಿಸಿಕೊಂಡು ನಿಂತವರಲ್ಲ.

ಮೆಕ್ಯಾನಿಕ್ ಬಾನೆಟ್ ಎತ್ತುವ ಮೊದಲೇ "ಗ್ಯಾಸ್ ಕಮ್ಮಿ ಸಾರ್" ಅಂದ. ತುಂಬಿಸಿದೆ. ಮರುದಿನ ಸಿಲ್ಕ್ ಬೋರ್ಡ್‌ನಲ್ಲಿ ಮತ್ತದೇ ಕಥೆ. ಎರಡನೇ ಸಲ ಹೋದಾಗ "ಕಂಪ್ರೆಸರ್ ಹೋಗಿದೆ, 18,000 ಆಗುತ್ತೆ" ಅಂದ. ಅಲ್ಲಿಗೆ ನನಗೆ ಅನುಮಾನ ಬಂತು. ಗ್ಯಾಸ್ ಪೆಟ್ರೋಲ್ ಥರ ಖರ್ಚಾಗುವುದಿಲ್ಲ, ಸೋರಿದರೆ ಮಾತ್ರ ಕಡಿಮೆಯಾಗುತ್ತದೆ. ಸೋರಿದ್ದರೆ ಬೆಳಗ್ಗೆ ಮಾತ್ರ ಅಷ್ಟು ತಣ್ಣಗೆ ಹೇಗಾಗುತ್ತೆ? ಗ್ಯಾಸನ್ನು ಒತ್ತಿ ಸುತ್ತಿಸುವ ಪಂಪು, ಅಂದರೆ ಕಂಪ್ರೆಸರ್, ಕೆಟ್ಟಿದ್ದರೂ ಇದೇ ಪ್ರಶ್ನೆ.

ನಾನು ಮೊದಲು ಅನುಮಾನಪಟ್ಟಿದ್ದು ಕಂಡೆನ್ಸರ್ ಫ್ಯಾನ್ ಮೇಲೆ, ಅಂದರೆ ಏಸಿ ಗ್ಯಾಸಿನ ಬಿಸಿಯನ್ನು ಹೊರಹಾಕಲು ಗಾಳಿ ಬೀಸುವ ಫ್ಯಾನ್. ಸಿಗ್ನಲ್‌ನಲ್ಲಿ ಬಿಸಿ, ಓಡುವಾಗ ತಂಪು ಅಂದರೆ ಸಾಮಾನ್ಯವಾಗಿ ಅದೇ ಕಳ್ಳ. ಆದರೆ ಸಿಲ್ಕ್ ಬೋರ್ಡ್ ದಾಟಿ ಎಲೆಕ್ಟ್ರಾನಿಕ್ ಸಿಟಿ ಮೇಲ್ಸೇತುವೆ ಹತ್ತಿದೆ ನೋಡಿ, ಸುಮಾರು 10 ಕಿಲೋಮೀಟರ್ ಸಿಗ್ನಲ್ಲೇ ಇಲ್ಲ. ಮುಂದಿನಿಂದ ಅಷ್ಟು ಗಾಳಿ ನುಗ್ಗುತ್ತಿದ್ದರೂ ಒಳಗೆ ಬಿಸಿಗಾಳಿಯೇ. ಫ್ಯಾನ್ ಮೇಲಿನ ಅನುಮಾನ ಅಲ್ಲೇ ಹೋಯಿತು.

ಭಾನುವಾರ ಬೇಕಂತಲೇ ಒಂದು ಗಂಟೆ ಸುತ್ತಾಡಿ, ಬಿಸಿಗಾಳಿ ಶುರುವಾದ ಮೇಲೆ ಮನೆ ಮುಂದೆ ನಿಲ್ಲಿಸಿದೆ. ಎಂಜಿನ್, ಏಸಿ ಎರಡೂ ಆನ್‌ನಲ್ಲಿಟ್ಟೇ ಬಾನೆಟ್ ಎತ್ತಿದೆ. ಕಂಪ್ರೆಸರ್ ಪುಲ್ಲಿ (ಬೆಲ್ಟ್ ತಿರುಗಿಸುವ ಚಕ್ರ) ತಿರುಗುತ್ತಿತ್ತು, ಅದರ ಮುಂದಿನ ಕ್ಲಚ್ ತಟ್ಟೆ ಸುಮ್ನೆ ನಿಂತಿತ್ತು. ಎಂಜಿನ್ ಓಡುವಾಗ ಪುಲ್ಲಿ ಸದಾ ತಿರುಗುತ್ತಲೇ ಇರುತ್ತದೆ. ಹಿಂದಿನ ಕಾಯಿಲ್‌ಗೆ ಕರೆಂಟ್ ಬಂದಾಗ ಅದು ಅಯಸ್ಕಾಂತವಾಗಿ ತಟ್ಟೆಯನ್ನು ಎಳೆದು ಪುಲ್ಲಿಗೆ ಅಂಟಿಸುತ್ತದೆ. ಆಗಲೇ 'ಟಕ್' ಅನ್ನುವ ಶಬ್ದ, ಆಗಲೇ ಕಂಪ್ರೆಸರ್ ಓಡುವುದು.

ಕ್ಲಚ್ ವೈರಿಗೆ ಮಲ್ಟಿಮೀಟರ್ ಹಿಡಿದೆ. 13.6 ವೋಲ್ಟ್. ಅಂದರೆ ಸ್ವಿಚ್, ರಿಲೇ, ಫ್ಯೂಸ್ ಎಲ್ಲ ಸರಿ ಇವೆ. ಗ್ಯಾಸ್ ತೀರಾ ಕಮ್ಮಿಯಾಗಿದ್ದರೆ ಪ್ರೆಷರ್ ಸ್ವಿಚ್ ಈ ಕರೆಂಟನ್ನೇ ಕಟ್ ಮಾಡಿರುತ್ತಿತ್ತು. ಉದ್ದನೆ ಮರದ ಕೋಲಿನಿಂದ ತಟ್ಟೆಯನ್ನು ಮೆಲ್ಲಗೆ ಒತ್ತಿದೆ. ಟಕ್! ಎರಡೇ ನಿಮಿಷಕ್ಕೆ ಒಳಗೆ ತಂಪು. (ಬೆಲ್ಟು, ಫ್ಯಾನು ತಿರುಗುತ್ತಿರುವ ಜಾಗ ಅದು. ಸಡಿಲ ತೋಳಿನ ಬಟ್ಟೆ ಹಾಕಿಕೊಂಡು ಈ ಸಾಹಸ ಮಾಡಬೇಡಿ.)

ಎಂಜಿನ್ ಆಫ್ ಮಾಡಿ ಕಾಯಿಲ್‌ನ ರೆಸಿಸ್ಟೆನ್ಸ್ ನೋಡಿದೆ, 4.4 ಓಮ್. ಬೆಳಗ್ಗೆ ತಣ್ಣಗಿದ್ದಾಗ ಅದೇ ಕಾಯಿಲ್ 3.6 ತೋರಿಸಿತ್ತು. ತಾಮ್ರ ಬಿಸಿಯಾದಷ್ಟೂ ರೆಸಿಸ್ಟೆನ್ಸ್ ಏರುತ್ತದೆ, ಹರಿಯುವ ಕರೆಂಟ್ ಇಳಿಯುತ್ತದೆ, ಅಯಸ್ಕಾಂತದ ಎಳೆತವೂ ಸೊರಗುತ್ತದೆ. ಇಷ್ಟು ಎಲ್ಲ ಕಾರಿನಲ್ಲೂ ಆಗುವುದೇ. ನನ್ನದರಲ್ಲಿ ತೊಂದರೆ ಇದ್ದದ್ದು ತಟ್ಟೆಗೂ ಪುಲ್ಲಿಗೂ ನಡುವಿನ ಸಂದಿಯಲ್ಲಿ. ಇಷ್ಟು ವರ್ಷ ಉಜ್ಜಿ ಉಜ್ಜಿ ಎರಡೂ ಸವೆದಿದ್ದವು. ಸಂದಿ ಅಳೆಯುವ ತೆಳು ಪಟ್ಟಿ, ಅಂದರೆ ಫೀಲರ್ ಗೇಜ್, ತೂರಿಸಿದರೆ 0.9 ಮಿಲಿಮೀಟರ್. ಬಿಸಿಯಾಗಿ ಸೊರಗಿದ ಅಯಸ್ಕಾಂತಕ್ಕೆ ಅಷ್ಟು ದೂರದಿಂದ ತಟ್ಟೆ ಎಳೆಯಲು ಆಗುತ್ತಿರಲಿಲ್ಲ. ಸಾಮಾನ್ಯವಾಗಿ ಇದು 0.3ರಿಂದ 0.6ರ ಒಳಗಿರಬೇಕು. ನಿಮ್ಮ ಕಂಪ್ರೆಸರ್‌ಗೆ ಸರಿಯಾದ ಅಳತೆ ಎಷ್ಟು ಅಂತ ನೋಡಿಕೊಳ್ಳಿ. ತೀರಾ ಕಡಿಮೆ ಇಟ್ಟರೆ ಏಸಿ ಆಫ್ ಇದ್ದಾಗಲೂ ತಟ್ಟೆ ಉಜ್ಜುತ್ತದೆ.

ಬೆಲ್ಟ್ ಸಡಿಲಿಸಿ, ನಡುವಿನ ಬೋಲ್ಟ್ ಬಿಚ್ಚಿ ತಟ್ಟೆ ಎಳೆದೆ. ಗ್ಯಾಸ್ ಇರುವ ಭಾಗವನ್ನು ಮುಟ್ಟುವ ಕೆಲಸವೇ ಇಲ್ಲ, ಕ್ಲಚ್ ಇರುವುದು ಹೊರಗೆ. ಶಾಫ್ಟಿನ ಮೇಲೆ ಕಾಗದದಷ್ಟು ತೆಳು ವಾಷರ್‌ಗಳಿದ್ದವು, ಶಿಮ್ ಅಂತಾರೆ. ಒಂದನ್ನು ತೆಗೆದು ಮತ್ತೆ ಕೂರಿಸಿದೆ. ಸಂದಿ 0.5ಕ್ಕೆ ಇಳಿಯಿತು. ಬೋಲ್ಟ್ ಬಿಗಿಯಾಗಿ ಕೂತಿದ್ದರಿಂದ ಅದನ್ನು ಬಿಚ್ಚುವುದಕ್ಕೇ ಒಂದು ಗಂಟೆ ಹಿಡಿಯಿತು, ಬಾಕಿ ಕೆಲಸ ಹತ್ತು ನಿಮಿಷದ್ದು.

ಸೋಮವಾರ ಮೇಲ್ಸೇತುವೆ ಪೂರ್ತಿ ತಣ್ಣಗೇ ದಾಟಿದೆ. ಆಮೇಲೆ ಮೇ ತಿಂಗಳಿಡೀ ಒಂದು ದಿನವೂ ಕೈಕೊಡಲಿಲ್ಲ. ಇನ್ನೊಂದು ಕೆಲಸ ಮಾತ್ರ ಬಾಕಿ ಇದೆ. ಬೆಲ್ಟ್ ಸಡಿಲಿಸಿದ್ದಾಗ ಪುಲ್ಲಿಯನ್ನು ಕೈಯಲ್ಲೇ ತಿರುಗಿಸಿ ನೋಡಿದ್ದೆ, ಬೇರಿಂಗ್ ಸ್ವಲ್ಪ ಗರಗರ ಅನ್ನುತ್ತಿತ್ತು. ಒಂದು ಶನಿವಾರ ಜೆ.ಸಿ. ರಸ್ತೆಗೆ ಹೋಗಿ ಹೊಸದು ತರಬೇಕು.